ಸಂಚಿಯೊಳಗಿನ ಬೇರು

ಒಂದು ಗಳಿಗೆ ನಿಮ್ಮ ಹೆಸರು, ವಯಸ್ಸು, ಉದ್ಯೋಗ ಎಲ್ಲವನ್ನೂ ಬಾಗಿಲಾಚೆ ಬಿಟ್ಟು ಒಳಗೆ ಬನ್ನಿ. ನಿಮಗೀಗ ಐವತ್ತನಾಲ್ಕು. ಕೃಷ್ಣರಾಜಪೇಟೆ ತಾಲ್ಲೂಕು, ಸಂತೆಬಾಚಹಳ್ಳಿ ಹೋಬಳಿಯ ಒಂದು ಹೆಂಚಿನ ಮನೆ. ನಡುಮನೆಯ ಚಾಪೆ ಮೇಲೆ ಎಡಮಗ್ಗುಲಿಗೆ ಮಲಗಿದ್ದೀರಿ. ಮೊಮ್ಮಗಳ ಬಿಸಿಯುಸಿರು ತೋಳಿಗೆ ತಗಲುತ್ತಿದೆ. ಕೊಟ್ಟಿಗೆಯಲ್ಲಿ ಹಸು ಗೊಂತಿಗೆ ಕೊಂಬು ತಿಕ್ಕುವ ಸದ್ದು ಬಿಟ್ಟರೆ ಊರೆಲ್ಲ ಮಲಗಿದೆ.

ಆಮೇಲೆ ಗಾಳಿ ತಿರುಗುತ್ತದೆ.

ತೆಂಗಿನ ತೋಟದಾಚೆ ಆಲೆಮನೆ. ರಾತ್ರಿಯಿಡೀ ಒಲೆಗೆ ಕಬ್ಬಿನ ಸಿಪ್ಪೆ ತುರುಕಿ ಕೊಪ್ಪರಿಗೆಯಲ್ಲಿ ಹಾಲು ಕುದಿಸುತ್ತಿದ್ದಾರೆ. ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಬಿಸಿ ಬೆಲ್ಲ ಕೇಳುವವರಿಗೆ ಅದು ಬಾಯಲ್ಲಿ ನೀರೂರಿಸುವ ವಾಸನೆ. ನಿಮ್ಮ ಮೂಗಿಗೆ ಅದು ತಾಗಿದ್ದೇ ತಡ, ಎದೆಯ ನಡುವೆ, ತಾಳಿ ಇರುತ್ತಿದ್ದ ಜಾಗದಲ್ಲಿ, ಯಾರೋ ಮೊಣಕೈ ಊರಿದಂತಾಗುತ್ತದೆ.

ಎದ್ದು ಕೂರುತ್ತೀರಿ. ಮೊಣಕೈ ಇನ್ನೂ ಆಳಕ್ಕೆ ಇಳಿಯುತ್ತದೆ. ಬೆರಳ ತುದಿಗಳಲ್ಲಿ ಇರುವೆ ಹರಿದಾಟ. ತುಟಿಯ ಸುತ್ತ ಜೋಮು. ಬೆನ್ನ ಮೇಲೆ ತಣ್ಣನೆಯ ಬೆವರು. ಉಸಿರು ಒಳಗೆ ಹೋಗುತ್ತದೆ, ಸಾಲದು. ಇನ್ನೊಂದು ಎಳೆಯುತ್ತೀರಿ, ಸಾಲದು. ಇನ್ನೊಂದು. ಕಿವಿಯಲ್ಲಿ ಒನಕೆ ಕುಟ್ಟುವ ಸದ್ದು. ಅದು ಒನಕೆಯಲ್ಲ, ನಿಮ್ಮದೇ ಎದೆ.

“ಮಗ... ಏಯ್ ಮಗ...”

“ಏನವ್ವ? ಏನಾಯ್ತು?”

“ಎದೆ ಹಿಂಡ್ತಾ ಅದೆ ಕಣಪ್ಪ. ನಿಮ್ಮಪ್ಪನ್ಗೆ ಬಂದಂಗೆ ಬಂದದೆ.”

ಆ ಮಾತು ಹೇಳಿದ ಮೇಲೆ ಮನೆಯಲ್ಲಿ ಯಾರೂ ನಿಲ್ಲುವುದಿಲ್ಲ. ದೀಪ ಹೊತ್ತುತ್ತದೆ, ಸೊಸೆ ನೀರು ತರುತ್ತಾಳೆ, ಪಕ್ಕದ ಮನೆಯವರ ಗೂಡ್ಸ್ ಆಟೋ ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಗುತ್ತದೆ. ಹಿಂದುಗಡೆ ರಗ್ಗು ಹಾಸಿ ನಿಮ್ಮನ್ನು ಮಲಗಿಸುತ್ತಾರೆ. ಮೇಲೆ ನಕ್ಷತ್ರ, ಕೆಳಗೆ ಗುಂಡಿ ಬಿದ್ದ ರಸ್ತೆ. ಒಂದೊಂದು ಕುಲುಕಿಗೂ ನಿಮಗೆ ಕಾಣುವುದು ಎರಡು ವರ್ಷದ ಹಿಂದಿನ ಆ ಸಂಜೆ: ಕೊಪ್ಪರಿಗೆಯ ಪಕ್ಕದಲ್ಲಿ ಅವರು ಎದೆ ಹಿಡಿದು ಕುಳಿತದ್ದು, ನೊರೆ ತೆಗೆಯುವ ಜಾಲರಿ ಕೈಯಿಂದ ಜಾರಿದ್ದು, ನೀವು “ಏಳಿ, ಏಳಿ” ಎಂದು ಭುಜ ಅಲುಗಾಡಿಸುತ್ತಲೇ ಇದ್ದದ್ದು.

ಪೇಟೆಯ ಆಸ್ಪತ್ರೆಯಲ್ಲಿ ಎದೆಗೆ ತಣ್ಣನೆಯ ಅಂಟು ಹಚ್ಚಿ, ಕೈಕಾಲಿಗೆ ಕ್ಲಿಪ್ಪು ಸಿಕ್ಕಿಸುತ್ತಾರೆ. ಯಂತ್ರ ಗುಲಾಬಿ ಕಾಗದವನ್ನು ಕಕ್ಕುತ್ತದೆ. ಕಾಗದ ನೋಡಿ ಡಾಕ್ಟರು ಮಗನ ಕಡೆ ತಿರುಗುತ್ತಾರೆ, ನಿಮ್ಮ ಕಡೆಗಲ್ಲ.

“ಏನೂ ಇಲ್ಲ. ಗ್ಯಾಸ್ಟ್ರಿಕ್ ಇರಬೇಕು.”

ಮೊಣಕೈ ಎದೆ ಮೇಲೆ ಇನ್ನೂ ಇದೆ. ಆದರೂ ಏನೂ ಇಲ್ಲ. ಆ ಕಾಗದ ನಿಜವನ್ನೇ ಹೇಳುತ್ತಿದೆ: ಹೃದಯದ ರಕ್ತನಾಳ ಕಟ್ಟಿಲ್ಲ, ಸ್ನಾಯು ಸತ್ತಿಲ್ಲ. ನಿಮ್ಮ ಮೈಯೂ ಸುಳ್ಳು ಹೇಳುತ್ತಿಲ್ಲ. ಭಯ ಎದ್ದಾಗ ಮೂತ್ರಪಿಂಡದ ನೆತ್ತಿಯ ಮೇಲಿನ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಸುರಿಯುತ್ತವೆ, ಎದೆ ಓಡುತ್ತದೆ, ಪಕ್ಕೆಲುಬಿನ ನಡುವಿನ ಮಾಂಸ ಬಿಗಿಯುತ್ತದೆ. ಉಸಿರು ಹೆಚ್ಚಾಗಿ ರಕ್ತದ ಇಂಗಾಲದ ಡೈಆಕ್ಸೈಡು ಇಳಿದರೆ ಬೆರಳು, ತುಟಿ ಜೋಮು ಹಿಡಿಯುತ್ತವೆ. ನೋವು ನೋವೇ. ಇದನ್ನು ಯಾರಾದರೂ ಆ ರಾತ್ರಿ ಎರಡು ಮಾತಿನಲ್ಲಿ ಹೇಳಿದ್ದರೆ ಮುಂದಿನ ಎಷ್ಟೋ ಅಲೆದಾಟ ತಪ್ಪುತ್ತಿತ್ತು. ಹೇಳುವುದಕ್ಕೆ ಅಲ್ಲಿ ಯಾರಿಗೂ ಹೊತ್ತಿಲ್ಲ. ಹೊರಗೆ ಬೆಂಚಿನ ಮೇಲೆ ಹಾವು ಕಚ್ಚಿದವನೊಬ್ಬ ಕೂತಿದ್ದಾನೆ.

ಆಮೇಲಿನ ತಿಂಗಳುಗಳನ್ನು ಬೇಗ ದಾಟೋಣ. ನಮ್ಮ ಕಡೆಯ ಪ್ರತಿ ಮನೆಗೂ ಗೊತ್ತಿರುವ ಹಾದಿಯೇ. ಸುಸ್ತಿಗೆ ಗ್ಲೂಕೋಸ್ ಹಾಕಿಸಿದ್ದಾಯಿತು. ತಡೆ ಒಡೆಸಿದ್ದಾಯಿತು. ಕೊರಳಿಗೆ ಅಂತ್ರ ಬಂತು. ಬಿಪಿ ಜಾಸ್ತಿ ಇದೆ ಎಂದು ಅಟೆನೊಲಾಲ್ ಮಾತ್ರೆ ಶುರುವಾಯಿತು. ಎದೆ ಹಾರುವ ಹೊತ್ತಿನಲ್ಲೇ ಪಟ್ಟಿ ಸುತ್ತಿ ನೋಡಿದರೆ ಯಾರ ಬಿಪಿ ತಾನೆ ಏರಿರುವುದಿಲ್ಲ? ನಿದ್ದೆ ಮಾತ್ರ ಬರಲಿಲ್ಲ.

ಸಂತೆಯ ದಿನ. ಸೊಪ್ಪಿನ ರಾಶಿ, ಒಣಮೆಣಸಿನ ಘಾಟು, ಒಣಮೀನಿನ ವಾಸನೆ ದಾಟಿ ಒಂದು ಮೂಲೆಯಲ್ಲಿ ಟಾರ್ಪಾಲಿನ ಮೇಲೆ ಬೇರು, ತೊಗಟೆ, ಕಾಯಿ ಹರಡಿಕೊಂಡವನ ಮುಂದೆ ನೀವು ಕುಕ್ಕರಗಾಲಲ್ಲಿ ಕೂತಿದ್ದೀರಿ. ಇವನು ಮಗನ ಕಡೆ ತಿರುಗುವುದಿಲ್ಲ, ಮಗ ಜೊತೆಯಲ್ಲಿಲ್ಲ. ನಿಮ್ಮ ಮುಖವನ್ನೇ ನೋಡುತ್ತಾನೆ.

“ನಿದ್ದೆ ಹೋಗಿ ಎಷ್ಟು ದಿನ ಆಯ್ತಕ್ಕ?”

ಒಂದೇ ಮಾತಿಗೆ ಕಣ್ಣು ತುಂಬುತ್ತದೆ. ಎರಡು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಅವನು ಪೇಪರಿನ ಪೊಟ್ಟಣದಲ್ಲಿ ಬೂದುಗಂದು ಪುಡಿ ಕಟ್ಟುತ್ತಾನೆ, ಮೇಲೊಂದು ತುಂಡು ಬೇರನ್ನೂ ಇಡುತ್ತಾನೆ. ಕಿರುಬೆರಳಿನ ಗಾತ್ರ, ಹಾವಿನ ಹಾಗೆ ತಿರುಚಿಕೊಂಡದ್ದು. “ಮಲಗೋ ಮುಂಚೆ ಒಂದು ಚಿಟಿಕೆ, ಹಾಲಲ್ಲಿ. ಡಾಕ್ಟ್ರಿಗೆ ಹೇಳ್ಬ್ಯಾಡ. ಹೇಳುದ್ರೆ ಔಷದಿ ಕೆಲ್ಸ ಮಾಡಕಿಲ್ಲ.”

ರಾತ್ರಿ ನಾಲಿಗೆಗೆ ತಾಗಿದಾಗ ಅದು ಬೇವಿಗಿಂತ ಕಹಿ. ಹಾಲು, ಬೆಲ್ಲ ಯಾವುದೂ ಅದನ್ನು ಮುಚ್ಚುವುದಿಲ್ಲ. ಆದರೆ ಮೂರನೆಯ ರಾತ್ರಿ ನೀವು ಮಲಗುತ್ತೀರಿ. ಮಲಗುವುದೆಂದರೆ ಕಲ್ಲು ಬಾವಿಗೆ ಬಿದ್ದ ಹಾಗೆ. ಬೆಳಿಗ್ಗೆ ಕೋಳಿ ಕೂಗಿದ್ದೂ ಗೊತ್ತಾಗದೆ, ಸೊಸೆ ಬಂದು ಮುಟ್ಟಿ ಎಬ್ಬಿಸಿದಾಗ, ಹೊಸದಾಗಿ ಹುಟ್ಟಿದವರಂತೆ ಕಣ್ಣು ಬಿಡುತ್ತೀರಿ. ಎದೆಯ ಒನಕೆ ನಿಂತಿದೆ. ಪೊಟ್ಟಣ ಎಲೆಯಡಿಕೆ ಸಂಚಿಯ ಒಳಖಾನೆಗೆ ಹೋಗುತ್ತದೆ. ಆ ಖಾನೆಗೆ ಮೊಮ್ಮಗಳ ಕೈಯೂ ಹೋಗುವುದಿಲ್ಲ.

ಇಲ್ಲಿ ಒಂದು ಮಾತು. ಆ ಸಂತೆಯವನನ್ನು ಮೋಸಗಾರ ಎಂದು ಬೈದು ಮುಂದೆ ಹೋಗುವುದು ಸುಲಭ. ಅವನ ಪುಡಿ ಕೆಲಸ ಮಾಡಿತು. ತೊಂದರೆ ಹುಟ್ಟಿದ್ದೂ ಅದರಿಂದಲೇ.

ಮೂರು ವಾರ ಕಳೆಯುತ್ತವೆ. ಮೂಗು ಕಟ್ಟಿಕೊಂಡಿದೆ. ನೆಗಡಿಯಿಲ್ಲ, ಸೀನಿಲ್ಲ, ಸುಮ್ಮನೆ ಎರಡೂ ಹೊಳ್ಳೆ ಬಂದ್. ಸಾರಿನ ಒಗ್ಗರಣೆ ವಾಸನೆ ಹತ್ತುವುದಿಲ್ಲ. ಆಲೆಮನೆಯದೂ ಹತ್ತುವುದಿಲ್ಲ, ಅದೊಂದು ನೆಮ್ಮದಿ. ಕಾಲು ಸೀಸದ ಹಾಗೆ. ಮುದ್ದೆ ಮುಂದೆ ಕೂತರೆ ಮುರಿಯಲು ಮನಸ್ಸಿಲ್ಲ. ಭಯ ಹೋದ ಜಾಗಕ್ಕೆ ಮತ್ತೇನೋ ಬಂದು ಕೂತಿದೆ: ಬಾವಿಕಟ್ಟೆಯ ಮೇಲೆ ಕೊಡ ಇಟ್ಟು, ಒಳಗೆ ನೋಡುತ್ತಾ, ಹಗ್ಗ ಬಿಡುವುದನ್ನೇ ಮರೆಯುತ್ತೀರಿ. ನೀರು ತಣ್ಣಗಿದೆ ಅನಿಸುತ್ತದೆ. ಆ ಯೋಚನೆ ಬಂದದ್ದಕ್ಕೆ ನಿಮಗೇ ಹೆದರಿಕೆಯಾಗಿ ಎರಡು ಹೆಜ್ಜೆ ಹಿಂದೆ ಸರಿಯುತ್ತೀರಿ. ಯಾರಿಗೂ ಹೇಳುವುದಿಲ್ಲ.

ಒಂದು ಮುಂಜಾನೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೀರಿ. ಹಿತ್ತಾಳೆ ಚೆಂಬಿಗೆ ಹಾಲಿನ ಧಾರೆ ಚುರ್ ಚುರ್ ಎನ್ನುತ್ತಿದೆ. ಚೆಂಬು ಹಿಡಿದು ಏಳುತ್ತೀರಿ. ಹಸುವಿನ ಬಿಳಿ ಹೊಟ್ಟೆ ಕಪ್ಪಾಗುತ್ತದೆ. ಗೋಡೆ ಕಪ್ಪಾಗುತ್ತದೆ. ಚೆಂಬು ಬಿದ್ದ ಸದ್ದು ಎಲ್ಲೋ ದೂರ. ಕೆನ್ನೆಗೆ ಸಗಣಿಯ ತಂಪು. “ಅತ್ತೆ! ಅತ್ತೆ! ರೀ, ಬನ್ನಿ ಇಲ್ಲಿ, ಅತ್ತೆ ಬಿದ್ದವ್ರೆ!” ಕಣ್ಣು ತೆರೆಯಲು ನೋಡುತ್ತೀರಿ. ರೆಪ್ಪೆ ಭಾರ. ನಾಲಿಗೆ ಭಾರ. 108ರ ಸೈರನ್ನು ಊರಬಾಗಿಲಲ್ಲಿ ಕೂಗುತ್ತದೆ, ಸ್ಟ್ರೆಚರಿನ ಕಬ್ಬಿಣ ಬೆನ್ನಿಗೆ ತಣ್ಣಗೆ ತಾಗುತ್ತದೆ, ಒಬ್ಬ ಹುಡುಗ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾನೆ, ಮತ್ತೆ ನೋಡುತ್ತಾನೆ.

“ಪಲ್ಸ್ ನಲವತ್ತಾರು. ಬಿಪಿ ಎಂಬತ್ತು, ಐವತ್ತು.”

ಸಲೈನ್ ಇಳಿಯುತ್ತದೆ, ಕಾಲ ಕೆಳಗೆ ದಿಂಬು ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಜಗತ್ತಿಗೆ ಬಣ್ಣ ಮರಳುತ್ತದೆ. ಒಬ್ಬರು ಬಂದು ಕೇಳುತ್ತಾರೆ: “ಬಿಪಿ ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೋತಿದ್ದೀರಾಮ್ಮ?”

ಸಂಚಿ ಸೊಂಟದಲ್ಲೇ ಇದೆ. ಅದರ ಮೇಲೆ ನಿಮ್ಮ ಕೈ.

“ಇಲ್ಲ ಬುದ್ಧಿ.”

ಎಲ್ಲವೂ ಆ ಒಂದು “ಇಲ್ಲ”ದ ಮೇಲೆ ನಿಂತಿತ್ತು. ಅವರು ಬರೆದುಕೊಂಡು ಹೊರಟರು. ಸಂಜೆ ಇನ್ನೊಬ್ಬ ಡಾಕ್ಟರು, ವಯಸ್ಸಾದವರು, ಹಳೆಯ ಚೀಟಿಗಳನ್ನೆಲ್ಲ ಮಂಚದ ಮೇಲೆ ಹರಡಿ ನೋಡಿದರು. ಆರು ಇಸಿಜಿ, ಎರಡು ಸ್ಕ್ಯಾನು, ಎಲ್ಲವೂ ಸರಿ. ಅವರು ಮಗನನ್ನು ವರಾಂಡಕ್ಕೆ ಕರೆದು ಮೆಲ್ಲಗೆ ಒಂದು ಹೆಸರು ಹೇಳಿದರು. ಗೋಡೆಯಾಚೆಯಿಂದಲೂ ನಿಮಗದು ಕೇಳಿಸಿತು: ನಿಮ್ಹಾನ್ಸ್.

ಮನೆಯಲ್ಲಿ ಅಂದು ರಾತ್ರಿ ಪಿಸುಮಾತು. “ಹುಚ್ಚಾಸ್ಪತ್ರೆಗಾ?” ಎಂದು ನಾದಿನಿ. “ಊರೋರು ಏನಂದಾರು? ನಾಳೆ ಹೆಣ್ಮಕ್ಕಳ ಮದುವೆ ಗಿದುವೆ ಅಂದ್ರೆ...” ಮಗ ಸುಮ್ಮನಿದ್ದಾನೆ. ಕೊನೆಗೆ ಮಾತಾಡುವವಳು ಸೊಸೆ: “ಬಾವಿ ತಾವ ಅತ್ತೆ ನಿಂತಿದ್ದ ಥರ ನಾನು ನೋಡಿವ್ನಿ. ಊರೋರು ಏನಾದ್ರೂ ಅನ್ಲಿ.” ನೀವು ಗೋಡೆ ಕಡೆ ತಿರುಗಿ ಮಲಗಿದ್ದೀರಿ. ಅವಳು ನೋಡಿದ್ದಳು ಎಂಬುದೇ ನಿಮಗೆ ಗೊತ್ತಿರಲಿಲ್ಲ. ಇನ್ನು ಹೋಗುವುದಿಲ್ಲ ಎಂದು ಹಟ ಹಿಡಿಯಲು ನಿಮಗೆ ಬಲವಿಲ್ಲ.

ಕತ್ತಲಲ್ಲೇ ಹೊರಟ ಬಸ್ಸು. ನಾಗಮಂಗಲ, ಬೆಳ್ಳೂರು ಕ್ರಾಸು, ಎಡೆಯೂರಿನಲ್ಲಿ ಕಿಟಕಿಯಿಂದಲೇ ಸಿದ್ಧಲಿಂಗೇಶ್ವರನಿಗೆ ಕೈಮುಗಿದದ್ದು, ಕುಣಿಗಲ್, ನೆಲಮಂಗಲ. ಆಮೇಲೆ ಬೆಂಗಳೂರಿನ ಗದ್ದಲ, ಹೊಸೂರು ರಸ್ತೆ, ಒಂದು ದೊಡ್ಡ ಗೇಟು. ಸರಪಳಿ, ಕಿರುಚಾಟ, ಕಂಬಿ ಬಾಗಿಲು ಕಾಣುತ್ತದೆಂದು ಹೆದರಿ ನೀವು ಸೊಸೆಯ ಕೈ ಹಿಡಿದಿದ್ದೀರಿ. ಕಾಣುವುದು ಮರಗಳು, ಚೀಟಿ ಮಾಡಿಸುವ ಸಾಲು, ಟಿಫನ್ ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿರುವ ಕುಟುಂಬಗಳು. ರಾಯಚೂರಿನ ಮಾತು, ತೆಲುಗು, ತಮಿಳು, ಉರ್ದು. ಯಾರು ರೋಗಿ, ಯಾರು ಜೊತೆಗೆ ಬಂದವರು ಎಂದು ಹೇಳಲಾಗುವುದಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲೇ ಮಾನಸಿಕ ರೋಗಿಗಳ ಆಸ್ಪತ್ರೆಯಾಗಿದ್ದುದು 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಜೊತೆಗೂಡಿ, 1974ರಲ್ಲಿ ನಿಮ್ಹಾನ್ಸ್ ಎಂಬ ಹೆಸರು ಪಡೆಯಿತು. ಊರವರ ಬಾಯಲ್ಲಿ ಹಳೆಯ ಹೆಸರು ಇನ್ನೂ ಹೋಗಿಲ್ಲ.

ನಿಮ್ಮ ಸರದಿ. ಮೇಜಿನಾಚೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮಗನ ಮಾತನ್ನು ಅರ್ಧಕ್ಕೆ ತಡೆದು, “ಅವರೇ ಹೇಳಲಿ” ಎನ್ನುತ್ತಾರೆ. ಹೇಳುತ್ತೀರಿ. ಎದೆ, ನಿದ್ದೆ, ಸುಸ್ತು. ಮೊದಲ ಸಲ ಯಾವಾಗ ಬಂತು? ಆಲೆಮನೆ. ಅಲ್ಲಿ ಏನಾಯಿತು? ನೀವು ಸೆರಗು ಬಾಯಿಗೆ ಒತ್ತಿಕೊಳ್ಳುತ್ತೀರಿ. ಅವರು ಕಾಯುತ್ತಾರೆ. ಗೋಡೆಯ ಫ್ಯಾನು ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು ತಿರುಗುತ್ತದೆ. ಜಾಲರಿ ಜಾರಿದ್ದನ್ನು ಹೇಳುತ್ತೀರಿ. ಭುಜ ಅಲುಗಾಡಿಸಿದ್ದನ್ನು ಹೇಳುತ್ತೀರಿ. ಮಗ ಇದನ್ನು ಮೊದಲ ಸಲ ಕೇಳುತ್ತಿದ್ದಾನೆ.

ಆಮೇಲೆ ಡಾಕ್ಟರಮ್ಮ ನಾಡಿ ಮುಟ್ಟಿ, ಚೀಟಿ ನೋಡಿ, ತಲೆಗೂ ಎದೆಗೂ ಸಂಬಂಧವಿಲ್ಲದ ಒಂದು ಪ್ರಶ್ನೆ ಕೇಳುತ್ತಾರೆ.

“ಅಮ್ಮ, ನಿಮ್ಮ ಮೂಗು ಎಷ್ಟು ದಿನದಿಂದ ಕಟ್ಟಿದೆ?”

“ಒಂದ್ ತಿಂಗ್ಳಿಂದ.”

“ಅದಕ್ಕೆ ಮುಂಚೆ ಏನಾದ್ರೂ ಹೊಸದು ಶುರು ಮಾಡಿದ್ರಾ? ನಾಟಿ ಔಷಧಿ, ಕಷಾಯ, ಪುಡಿ? ನಮ್ಮಜ್ಜಿನೂ ತಗೋತಾರೆ. ಬೈಯೋಕೆ ಕೇಳ್ತಿಲ್ಲ.”

ಸಂಚಿಯ ಮೇಲೆ ನಿಮ್ಮ ಕೈ ಬಿಗಿಯುತ್ತದೆ. ಹೇಳಿದರೆ ಔಷಧಿಯ ಶಕ್ತಿ ಹೋಗುತ್ತದೆ ಎಂದಿದ್ದಾನೆ. ಹೇಳಿದರೆ ಇವರು ಕಸದ ಬುಟ್ಟಿಗೆ ಎಸೆಯುತ್ತಾರೆ, ನಿದ್ದೆಯೂ ಅದರ ಜೊತೆಗೇ ಬುಟ್ಟಿಗೆ. ಹೇಳಿದರೆ ಆ ಆಸ್ಪತ್ರೆಯಲ್ಲಿ ಸುಳ್ಳಾಡಿದ್ದು ಮಗನಿಗೆ ತಿಳಿಯುತ್ತದೆ. ಹೇಳದಿದ್ದರೆ? ಬಾವಿ ಕಣ್ಣ ಮುಂದೆ ಬರುತ್ತದೆ, ತಣ್ಣಗೆ. ಅಂಗೈ ಬೆವೆತಿದೆ. ಮಗನ ಕಡೆ ನೋಡುವುದಿಲ್ಲ. ಸಂಚಿಯ ದಾರ ಎಳೆಯುತ್ತೀರಿ. ವೀಳ್ಯದೆಲೆ, ಅಡಿಕೆ, ಸುಣ್ಣದ ಡಬ್ಬಿ, ಒಂದೊಂದಾಗಿ ಮೇಜಿನ ಮೇಲೆ ಬರುತ್ತವೆ. ಕೊನೆಗೆ ಪೊಟ್ಟಣ.

ಡಾಕ್ಟರಮ್ಮ ಅದನ್ನು ಎಸೆಯುವುದಿಲ್ಲ. ಬಿಡಿಸಿ, ಬೇರಿನ ತುಂಡನ್ನು ಬೆಳಕಿಗೆ ಹಿಡಿದು, ಫೋನೆತ್ತಿ ಯಾರನ್ನೋ ಕರೆಯುತ್ತಾರೆ.

ಬರುವವರು ಆಯುರ್ವೇದದ ಡಾಕ್ಟರು. ಈ ಆವರಣದಲ್ಲಿ ಆಯುರ್ವೇದದ ಸಂಶೋಧನೆ ದಶಕಗಳಿಂದ ನಡೆದಿದೆ. ಯೋಗ, ಆಯುರ್ವೇದ ಎರಡನ್ನೂ ಮನೋವೈದ್ಯರ ಜೊತೆ ಕೂರಿಸುವ ಒಂದು ವಿಭಾಗವೇ ಈಗಿದೆ. ಅವರು ನಿಮ್ಮ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚುತ್ತಾರೆ. ನಾಲಿಗೆ ನೋಡುತ್ತಾರೆ. ಬೇರನ್ನು ಉಗುರಿನಿಂದ ಕೆರೆಯುತ್ತಾರೆ, ಒಂದು ಕಣ ಪುಡಿಯನ್ನು ತುದಿನಾಲಿಗೆಗೆ ತಾಗಿಸಿ ಮುಖ ಕಿವುಚುತ್ತಾರೆ.

“ಸರ್ಪಗಂಧಿಯ ಹಾಗೇ ಕಾಣುತ್ತೆ.”

ಈಗ ನಿಮಗೆ ಗೊತ್ತಿಲ್ಲದ್ದನ್ನು ನಾನು ಹೇಳಬೇಕು. ನಿಮ್ಮ ಸಂಚಿಯಲ್ಲಿದ್ದ ಬೇರು ಸಾಮಾನ್ಯದ್ದಲ್ಲ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್, ಕಾರ್ತಿಕ್ ಚಂದ್ರ ಬೋಸ್ ಇಬ್ಬರೂ ಇದನ್ನು ಹುಚ್ಚಿಗೂ ರಕ್ತದೊತ್ತಡಕ್ಕೂ ಕೊಟ್ಟು ನೋಡಿ ಬರೆದರು. 1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ಪತ್ರಿಕೆಯಲ್ಲಿ ತಮ್ಮ ರೋಗಿಗಳ ಲೆಕ್ಕ ಕೊಟ್ಟ ಮೇಲೆ ಪಶ್ಚಿಮದವರ ಕಣ್ಣು ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನೊಳಗಿಂದ ರಿಸರ್ಪಿನ್ ಎಂಬ ಸಾರ ತೆಗೆದರು. 1954ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ನೇಥನ್ ಕ್ಲೈನ್ ಅದನ್ನು ಮಾನಸಿಕ ರೋಗಿಗಳಿಗೆ ಕೊಟ್ಟು ವರದಿ ಮಾಡಿದರು. ಇವತ್ತಿನ ಮನೋವೈದ್ಯಕೀಯದ ಔಷಧಿ ಯುಗ ಯಾವ ಬಾಗಿಲುಗಳಿಂದ ಬಂತೋ ಅವುಗಳಲ್ಲೊಂದು ಬಾಗಿಲು ಈ ಬೇರು. ಅದರ ಕೆಡುಕುಗಳೂ ದಾಖಲಾಗಿವೆ: ನರಗಳ ತುದಿಯಲ್ಲಿ ಕೂಡಿಟ್ಟ ರಾಸಾಯನಿಕಗಳನ್ನು ಅದು ಬರಿದು ಮಾಡುತ್ತದೆ, ನಾಡಿ ನಿಧಾನವಾಗುತ್ತದೆ, ಒತ್ತಡ ಇಳಿಯುತ್ತದೆ, ಮೂಗು ಕಟ್ಟುತ್ತದೆ, ಕೆಲವರ ಮನಸ್ಸು ಕುಗ್ಗಿ ಸಾಯುವ ಯೋಚನೆ ಬರುತ್ತದೆ. ಮಾತ್ರೆಯಲ್ಲಾದರೆ ಒಂದು ಮಿಲಿಗ್ರಾಂನ ಹತ್ತನೆಯ ಒಂದು ಪಾಲು, ಕಾಲು ಪಾಲು ಎಂದು ಅಳೆದು ಕೊಡುತ್ತಿದ್ದರು. ಚಿಟಿಕೆಗೆ ಅಳತೆಯಿಲ್ಲ. ಅದರ ಮೇಲೆ, ನಾಡಿಯನ್ನು ಮತ್ತೂ ನಿಧಾನ ಮಾಡುವ ಅಟೆನೊಲಾಲ್. ಕೊಟ್ಟಿಗೆಯಲ್ಲಿ ಹಸುವಿನ ಹೊಟ್ಟೆ ಕಪ್ಪಾದದ್ದು ಅದಕ್ಕೇ.

ಒಂದೇ ಹೊಟ್ಟೆಯೊಳಗೆ ಎರಡು ವೈದ್ಯಪದ್ಧತಿಗಳು ಕೂಡುವುದು ನಮ್ಮಲ್ಲಿ ನಿತ್ಯದ ಸಂಗತಿ. ಅವೆರಡನ್ನೂ ಒಂದೇ ಮೇಜಿನ ಮುಂದೆ ಕೂಡಿಸುವುದು ಅಪರೂಪ. ಚೀನಾದವರು ಅದನ್ನು 1950ರ ದಶಕದಲ್ಲೇ ಸರ್ಕಾರಿ ನೀತಿ ಮಾಡಿಕೊಂಡರು. ಅಲ್ಲಿ ಸೂಜಿ ಚುಚ್ಚುವವರೂ ಗಿಡಮೂಲಿಕೆಯವರೂ ಸರ್ಜನ್ನರೂ ಒಂದೇ ಆಸ್ಪತ್ರೆಯ ಸಂಬಳದಲ್ಲಿರುವುದುಂಟು. ತೂ ಯೂಯೂ ಎಂಬ ವಿಜ್ಞಾನಿ ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು, ಸೊಪ್ಪನ್ನು ಕುದಿಸದೆ ಕಡಿಮೆ ಶಾಖದಲ್ಲೇ ಸಾರ ತೆಗೆದು ಮಲೇರಿಯಾಕ್ಕೆ ಮದ್ದು ಕಂಡುಕೊಟ್ಟು, 2015ರಲ್ಲಿ ನೊಬೆಲ್ ಪಡೆದರು. ಬೆಂಗಳೂರಿನಲ್ಲಿ ಈಗ ನಿಮ್ಮ ಮುಂದೆ ಆಗುತ್ತಿರುವುದು ಅಷ್ಟು ದೊಡ್ಡದೇನಲ್ಲ. ಇಬ್ಬರು ಡಾಕ್ಟರು ಒಂದು ಪೊಟ್ಟಣದ ಮೇಲೆ ಬಗ್ಗಿ ಮಾತಾಡುತ್ತಿದ್ದಾರೆ, ಅಷ್ಟೆ.

“ಈ ಬೇರು ಕೆಟ್ಟದ್ದಲ್ಲಮ್ಮ,” ಆಯುರ್ವೇದದವರು ಹೇಳುತ್ತಾರೆ, “ನಿಮಗೆ ಈಗ ಆಗಿಬರೋದಿಲ್ಲ.” ಮಗ ಏನೂ ಹೇಳುವುದಿಲ್ಲ. ಮೇಜಿನ ಮೇಲಿನ ವೀಳ್ಯದೆಲೆ, ಅಡಿಕೆ, ಸುಣ್ಣದ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಸಂಚಿಗೆ ತುಂಬಿ, ದಾರ ಎಳೆದು, ನಿಮ್ಮ ಕೈಗೆ ಕೊಡುತ್ತಾನೆ.

ವಾರ್ಡಿನಲ್ಲಿ ಜೊತೆಗೆ ಒಬ್ಬರು ಮನೆಯವರು ಇರಬೇಕು. ಸೊಸೆ ಉಳಿಯುತ್ತಾಳೆ. ಪುಡಿ ನಿಲ್ಲುತ್ತದೆ, ಬಿಪಿ ಮಾತ್ರೆಯನ್ನೂ ಇಳಿಸಿ ನಿಲ್ಲಿಸುತ್ತಾರೆ. ಹೊಸ ಮಾತ್ರೆ ತಕ್ಷಣ ಕೊಡುವುದಿಲ್ಲ. ಬೇರಿನ ಸಾರ ಮೈಯಿಂದ ಬಿಡಲು ದಿನಗಳು ಬೇಕು. ಆ ದಿನಗಳು ಕೆಟ್ಟವು. ನಿದ್ದೆ ಮತ್ತೆ ಓಡಿಹೋಗುತ್ತದೆ. ಎರಡು ಗಂಟೆ, ಮೂರು ಗಂಟೆ. ಪಕ್ಕದ ಮಂಚದ ಹುಡುಗಿ ನಿದ್ದೆಯಲ್ಲಿ ಲೆಕ್ಕ ಹೇಳುತ್ತಾಳೆ. ಮೊಣಕೈ ಬರುತ್ತದೆ. ಏಳುತ್ತೀರಿ. ಓಡಿಹೋಗಬೇಕು, ಗೇಟು ಎಲ್ಲಿ, ಬಸ್ಸು ಎಲ್ಲಿ, ಸಂತೆ ಯಾವ ದಿನ, ಇನ್ನೊಂದು ಪೊಟ್ಟಣ, ಒಂದೇ ಒಂದು ಚಿಟಿಕೆ. ಸೊಸೆ ಎದ್ದು ನಿಮ್ಮ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಾಳೆ. ಆಯುರ್ವೇದದವರು ತೋರಿಸಿಕೊಟ್ಟಂತೆ, ಎಳ್ಳೆಣ್ಣೆ ಸವರಿ, ಹಿಮ್ಮಡಿಯಿಂದ ಬೆರಳಿಗೆ. ನೀವು ಮದುವೆಯಾಗಿ ಬಂದಾಗ ನಿಮ್ಮ ಅತ್ತೆಯ ಕಾಲು ನೀವು ಒತ್ತಿದ್ದಿರಿ, ಭಯಕ್ಕೆ. ಇದು ಬೇರೆ. ಮೂಗಿಗೆ ಎಣ್ಣೆಯ ವಾಸನೆ ಬರುತ್ತದೆ. ಆಗ ಗೊತ್ತಾಗುತ್ತದೆ: ಮೂಗು ಬಿಟ್ಟಿದೆ.

ಒಂದು ಬೆಳಿಗ್ಗೆ ಹಲಗೆಯ ಮೇಲೆ ಅಂಗಾತ ಮಲಗಿಸಿ, ಕಣ್ಣಿಗೆ ಹತ್ತಿ ಇಟ್ಟು, ಮೇಲೆ ತೂಗುಹಾಕಿದ ಪಾತ್ರೆಯಿಂದ ಹಣೆಗೆ ಎಣ್ಣೆ ಬಿಡುತ್ತಾರೆ. ಶಿರೋಧಾರೆ. ಮೊದಲ ಹನಿ ಬಿದ್ದಾಗ ಬೆಚ್ಚುತ್ತೀರಿ. ಆಮೇಲೆ ಅದು ಹನಿಯಲ್ಲ, ದಾರ. ಉಗುರು ಬೆಚ್ಚಗಿನ ಒಂದು ದಾರ ಎಡಗಡೆಯಿಂದ ಬಲಗಡೆಗೆ, ಬಲಗಡೆಯಿಂದ ಎಡಗಡೆಗೆ, ಹಣೆಯ ಮೇಲೆ ಯಾರೋ ಗೆರೆ ಎಳೆದ ಹಾಗೆ. ಕಿವಿಯ ಹಿಂದೆ ಇಳಿದು, ಕೂದಲಲ್ಲಿ ಹಾದು, ಕೆಳಗಿನ ಪಾತ್ರೆಗೆ ಬೀಳುವ ಸದ್ದು. ನಿಮಗೆ ನೆನಪಾಗುವುದು ಸೌದೆ ಒಲೆಯ ಬಚ್ಚಲು, ದೀಪಾವಳಿ, ನೆತ್ತಿಗೆ ಎಣ್ಣೆ ತಟ್ಟುವ ಅವ್ವನ ಕೈ. ಹುಬ್ಬುಗಳ ನಡುವೆ ಎರ‍ಡು ವರ್ಷದಿಂದ ಹಿಡಿದಿಟ್ಟಿದ್ದ ಯಾವುದೋ ಗಂಟು ತಾನಾಗಿ ಬಿಡುತ್ತದೆ.

ಇದು ಬರೀ ಹಿತವೋ, ಔಷಧಿಯೋ? ಕನ್ನಡದ ಓದುಗರಿಗೆಲ್ಲ ಗೊತ್ತಿರುವ ಮನೋವೈದ್ಯ ಸಿ. ಆರ್. ಚಂದ್ರಶೇಖರ್ ಅವರೂ ಸೇರಿದ್ದ ಒಂದು ಅಧ್ಯಯನದಲ್ಲಿ ಆತಂಕದ 72 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಮಾನಸಮಿತ್ರ ವಟಕ ಎಂಬ ಆಯುರ್ವೇದ ಗುಳಿಗೆ, ಇನ್ನೊಂದಕ್ಕೆ ಅದರ ಜೊತೆ ಶಿರೋಧಾರೆ, ಮತ್ತೊಂದಕ್ಕೆ ಕ್ಲೊನಾಜೆಪಾಮ್. ಮೂರರಲ್ಲೂ ಆತಂಕ ಇಳಿಯಿತು. ಇದೇ ನಿಮ್ಹಾನ್ಸ್‌ನಲ್ಲಿ ತೀವ್ರ ಖಿನ್ನತೆಯ 45 ಮಂದಿಯ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಖಡಾಖಂಡಿತ: ನಾಲ್ಕು ವಾರದಲ್ಲಿ ಕರೆಂಟಿನ ಚಿಕಿತ್ಸೆ ಪಡೆದವರಲ್ಲಿ ಶೇ. 93, ಮಾತ್ರೆ ನುಂಗಿದವರಲ್ಲಿ ಶೇ. 73, ಸುದರ್ಶನ ಕ್ರಿಯೆಯ ಉಸಿರಾಟ ಮಾಡಿದವರಲ್ಲಿ ಶೇ. 67 ಮಂದಿ ಚೇತರಿಸಿಕೊಂಡರು. ಉಸಿರು ಮಾತ್ರೆಗೆ ಸರಿಸಮ ನಿಂತಿತು, ಕರೆಂಟಿಗೆ ನಿಲ್ಲಲಿಲ್ಲ. ಗುಂಪುಗಳು ಸಣ್ಣವು, ಆದರೆ ಯಾರ ಪರವಾಗಿಯೂ ಜೈಕಾರ ಹಾಕದ ಇಂಥ ಲೆಕ್ಕವೇ ನನಗೆ ನಂಬಿಕೆ ಹುಟ್ಟಿಸುವುದು.

ಎರಡನೆಯ ವಾರ ಎಸ್‌ಸಿಟಾಲೋಪ್ರಾಮ್ ಶುರುವಾಗುತ್ತದೆ, ಐದು ಮಿಲಿಗ್ರಾಂ, ಆಮೇಲೆ ಹತ್ತು. ಸಂಜೆ ಯೋಗದ ಕೋಣೆಯಲ್ಲಿ ಕಿವಿ ಮುಚ್ಚಿ ಜೇನಿನ ಹಾಗೆ ಗುಂಯ್‌ಗುಡುವುದನ್ನು ಕಲಿಸುತ್ತಾರೆ. ನಾಚಿಕೆಯಾಗುತ್ತದೆ. ಬಿಡುವ ಉಸಿರು ಎಳೆದ ಉಸಿರಿಗಿಂತ ಉದ್ದ ಇರಬೇಕಂತೆ. “ಎಳ್ಕೊಳೋದು ನಿಮಗೆ ಮೊದಲಿಂದ್ಲೂ ಗೊತ್ತು. ಬಿಡೋದು ಕಲೀಬೇಕು,” ಎನ್ನುತ್ತಾಳೆ ಕಲಿಸುವ ಹುಡುಗಿ. ಡಾಕ್ಟರಮ್ಮ ದಿನವೂ ಆಲೆಮನೆಗೆ ಕರೆದೊಯ್ಯುತ್ತಾರೆ, ಬರೀ ಮಾತಿನಲ್ಲಿ. ತೆಂಗಿನ ತೋಟದ ತನಕ. ಮಾರನೆಯ ದಿನ ಗಾಣದ ತನಕ. ಇನ್ನೊಂದು ದಿನ ಕೊಪ್ಪರಿಗೆಯ ತನಕ. ಅಲ್ಲಿ ನಿಂತು ಅಳುತ್ತೀರಿ, ಅವರು ತೀರಿಹೋದ ದಿನ ಅಳಬೇಕಿದ್ದಷ್ಟನ್ನೂ.

ಹೊರಡುವ ದಿನ ಒಂದು ಚೀಟಿ ಕೊಡುತ್ತಾರೆ. ಮಾತ್ರೆ, ಎಣ್ಣೆ, ಉಸಿರಾಟ, ಎಲ್ಲವೂ ಒಂದೇ ಕಾಗದದ ಮೇಲೆ. ಕೆಳಗೆ “ಸರ್ಪಗಂಧಿ ಬೇಡ” ಎಂದು ಕನ್ನಡದಲ್ಲಿ. ಅದನ್ನು ನಾಲ್ಕು ಮಡಿಕೆ ಮಾಡಿ ಸಂಚಿಯ ಒಳಖಾನೆಗೆ ಸೇರಿಸುತ್ತೀರಿ.

ಮತ್ತೆ ಕಬ್ಬು ಕಡಿಯುವ ಕಾಲ. ಡಾಕ್ಟರಮ್ಮ ಹೇಳಿ ಕಳಿಸಿದ್ದರು: ದಿನಕ್ಕೆ ಇಪ್ಪತ್ತು ಹೆಜ್ಜೆ ಹತ್ತಿರ, ಜಾಸ್ತಿ ಬೇಡ. ಇವತ್ತು ಹಗಲು ಬೆಳಕಿನಲ್ಲಿ, ಮೊಮ್ಮಗಳ ಕೈ ಹಿಡಿದು, ತೋಟ ದಾಟಿದ್ದೀರಿ. ಗಾಣದ ಗರಗರ. ಒಲೆಯ ಝಳ ಮೊಣಕಾಲಿಗೆ ತಾಗುತ್ತದೆ. ನೊರೆ ಉಕ್ಕುತ್ತಿದೆ, ಯಾರೋ ಜಾಲರಿ ಆಡಿಸುತ್ತಿದ್ದಾರೆ. ಮೊಣಕೈ ಬಂತು. ತಾಳಿಯ ಜಾಗದಲ್ಲೇ, ಅದೇ ತೂಕ. ಕಾಲು ಹಿಂದಕ್ಕೆ ಎಳೆಯುತ್ತದೆ. ಬೆರಳಲ್ಲಿ ಇರುವೆ.

“ಬಾ ಅಕ್ಕ, ಎಷ್ಟು ದಿನ ಆಯ್ತು ಇತ್ತಾಗ್ ಬಂದು,” ಎಂದು ಪಾಕ ಇಳಿಸುವವನು ಮುತ್ತುಗದ ಎಲೆಯ ಮೇಲೆ ಒಂದು ಮುದ್ದೆ ಬಿಸಿ ಬೆಲ್ಲ ಹಾಕಿ ಚಾಚುತ್ತಾನೆ. ಎಲೆಯಡಿಯಿಂದ ಬಿಸಿ ಅಂಗೈಗೆ ಏರುತ್ತದೆ.

“ಸುಡ್ತದೆ ಅಜ್ಜಿ, ಊದು,” ಎನ್ನುತ್ತಾಳೆ ಮೊಮ್ಮಗಳು.

ನೀವು ಊದುತ್ತೀರಿ. ಉದ್ದಕ್ಕೆ, ಇನ್ನೂ ಉದ್ದಕ್ಕೆ.